ಪಾಪರ್ ಚೀಟಿ ದೊಡ್ಡವರಿಗೆ, ಬೈಗುಳ ನಮ್ಮೂರಿಗೆ

ಈ ಕಡೆ ತಲೆ ಹಾಕಿ ಬಹಳ ದಿನ ಆಯ್ತು. ಬರೆಯೋಕೆ ವಿಷಯ ಇರಲಿಲ್ಲ ಅಂತೇನಿಲ್ಲ, ಬರೀ ಸೋಮಾರಿತನ. ಈಗ ಕೂತಿರೋದು ಸಿಟ್ಟಿಗೆ. ಸಿಟ್ಟಲ್ಲಿ ಬರೆದದ್ದು ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಸಿಟ್ಟು ತರಿಸಿದ್ದು ಒಂದೇ ಒಂದು ವಾಕ್ಯ: "ಸಾಲ ತಗೊಳ್ಳೋವಾಗ ಗೊತ್ತಿರಲಿಲ್ವಾ?" ಮೈಕ್ರೋ ಫೈನಾನ್ಸ್ ಅಂತ ಎಲ್ಲಿ ಮಾತು ಎದ್ದರೂ ಹಿಂದೆಯೇ ಈ ವಾಕ್ಯ ಬರುತ್ತೆ. ಬಸ್‌ಸ್ಟ್ಯಾಂಡಿನಲ್ಲಿ ಬರುತ್ತೆ, ಮದುವೆ ಮನೆ ಊಟದ ಪಂಕ್ತೀಲಿ ಬರುತ್ತೆ, ನಾನು ತುಂಬಾ ಇಷ್ಟಪಟ್ಟು ಓದೋ ಒಬ್ಬಿಬ್ಬರು ಬ್ಲಾಗಿಗರ ಬರಹದಲ್ಲೂ ಬಂತು. ಅವರ ಹೆಸರು ಬೇಡ. ಜಗಳಕ್ಕೆ ಅಂತ ಬರೀತಿಲ್ಲ, ಉತ್ತರ ಕೊಡೋಣ ಅಂತ.

ಉತ್ತರ ಇದು. ಗೊತ್ತಿತ್ತು ಸ್ವಾಮೀ. ತಗೊಂಡವರಿಗೆ ಕಟ್ಟಬೇಕು ಅಂತ ಗೊತ್ತಿತ್ತು. ಕೊಟ್ಟವರಿಗೆ ಕೆಲವರು ಸೋಲ್ತಾರೆ ಅಂತ ಗೊತ್ತಿತ್ತು. ಗೊತ್ತಿದ್ದೇ ಅಡಮಾನ ಇಲ್ಲದೆ ಕೊಡ್ತೀವಿ ಅಂತ ಇಪ್ಪತ್ತು, ಇಪ್ಪತ್ತೈದು ಪರ್ಸೆಂಟ್ ಬಡ್ಡಿ ಹಾಕಿದ್ದು. ಸೋಲುವವರ ಪಾಲಿನ ನಷ್ಟವನ್ನ ಕಟ್ಟುವವರ ಬಡ್ಡಿಯಲ್ಲಿ ಮೊದಲೇ ಹಿಡ್ಕೊಂಡಾಗಿದೆ. ಹಾಗಿದ್ದ ಮೇಲೆ ಸೋತವನೊಬ್ಬ "ಸೋತೆ" ಅಂತ ಹೇಳೋಕೆ ಒಂದು ಜಾಗ ಇರಬೇಕಲ್ವಾ? ಹೇಳಿದ ಮೇಲೆ ಮನೆ ಮುಂದೆ ಬೈಕು ನಿಲ್ಲೋದು ತಪ್ಪಬೇಕಲ್ವಾ? ಅಂಥ ಜಾಗ ನಮ್ಮ ಬಿಳಿಗೆರೆಯವನಿಗೆ ಇಲ್ಲ. ಇವತ್ತಿನ ಬರಹದ ಒಟ್ಟು ಮಾತು ಇಷ್ಟೇ.

2025ರ ಜನವರಿ ನೆನಪಿದೆಯಾ? ನಂಜನಗೂಡು ತಾಲ್ಲೂಕು, ಪಕ್ಕದ ಚಾಮರಾಜನಗರ ಜಿಲ್ಲೆಯ ಹೆಸರು ದಿನಾ ಪೇಪರಿನಲ್ಲಿ. ಫೈನಾನ್ಸ್‌ನವರ ಕಾಟಕ್ಕೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ, ಜೀವ ಕಳಕೊಂಡವರ ಸುದ್ದಿ. ಟಿವಿಯವರು ಬೀಗದ ಫೋಟೋ ತೋರಿಸಿದರು. ನಮ್ಮ ಬಿಳಿಗೆರೆ ಹೋಬಳಿಯವರಿಗೆ ಅದರಲ್ಲಿ ಹೊಸದೇನೂ ಇರಲಿಲ್ಲ. ನಂಜನಗೂಡು, ತಿ. ನರಸೀಪುರ ಎರಡು ಕಡೆಯ ಸಂತೆಗೂ ಓಡಾಡೋ ಜನ ನಾವು. ಯಾರ ಮನೆಗೆ ಯಾವ ವಾರ ಯಾವ ಫೈನಾನ್ಸ್‌ನವರು ಬರ್ತಾರೆ ಅನ್ನೋದು ಸಂತೆ ದಿನದ ಥರ ಎಲ್ಲರಿಗೂ ಬಾಯಿಪಾಠ.

ಸುದ್ದಿ ಜೋರಾದಾಗ ಸರ್ಕಾರ ಎದ್ದಿತು. ಸುಗ್ರೀವಾಜ್ಞೆ ತಂದಿತು. ರಾಜ್ಯಪಾಲರು ಫೆಬ್ರವರಿ 7ಕ್ಕೆ ಒಂದು ಸಲ ವಾಪಸ್ ಕಳಿಸಿದರು, 12ಕ್ಕೆ ಸಹಿ ಹಾಕಿದರು. ಮಾರ್ಚ್ ತಿಂಗಳಲ್ಲಿ ಎರಡೂ ಸದನದಲ್ಲಿ ಮಸೂದೆ ಪಾಸಾಯ್ತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಕೇಳೋಕೆ ಚೆನ್ನಾಗಿದೆ. ಇದರ ಕಥೆ ಮುಂದೆ ಹೇಳ್ತೀನಿ. ಅದಕ್ಕೆ ಮುಂಚೆ, ಇದೆಲ್ಲ ಗಲಾಟೆ ಶುರುವಾಗೋ ಮೊದಲೇ ಕಾನೂನಿನ ದಾರೀಲೇ ಹೋದ ಒಬ್ಬನ ವಿಷಯ ಹೇಳಬೇಕು.

ನನ್ನ ಚಿಕ್ಕಪ್ಪನ ಮಗ. ಊರಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದ. ಪಂಪ್‌ಸೆಟ್ ಸುಟ್ಟುಹೋದರೆ ಸುತ್ತಲ ಊರಿನವರು ಅವನ ಹತ್ರ ತರೋರು. ಕೆಲಸ ಗೊತ್ತಿದ್ದ ಹುಡುಗ. ತಾಮ್ರದ ತಂತಿ ಸ್ಟಾಕ್ ಮಾಡೋಕೆ ಅಂತ ಒಂದು ಫೈನಾನ್ಸ್ ಕಂಪನಿಯಿಂದ ವ್ಯಾಪಾರದ ಸಾಲ ತಗೊಂಡ. 2020ರ ಲಾಕ್‌ಡೌನ್ ಬಂತು. ರಿಪೇರಿ ಮಾಡಿಸಿಕೊಂಡ ರೈತರು ದುಡ್ಡು ಕೊಡಲಿಲ್ಲ, ಅವರ ಹತ್ರಾನೂ ಇರಲಿಲ್ಲ. 2022ರಲ್ಲಿ ಮಳೆಯೋ ಮಳೆ. ಮಳೆ ಚೆನ್ನಾಗಿ ಆದ ವರ್ಷ ಮೋಟಾರ್ ಓಡಲ್ಲ, ಓಡದ ಮೋಟಾರ್ ಸುಡಲ್ಲ. ಊರಿಗೆಲ್ಲ ಒಳ್ಳೇದಾದ ವರ್ಷ ಇವನಿಗೆ ಕೆಟ್ಟದ್ದಾಯ್ತು. ಹಳೇ ಕಂತು ಕಟ್ಟೋಕೆ ಕೈಸಾಲ, ಕೈಸಾಲ ತೀರಿಸೋಕೆ ಹೆಂಡತಿ ಹೆಸರಲ್ಲಿ ಎರಡು ಸಂಘದ ಸಾಲ. ಒಟ್ಟು ಐದು ಲಕ್ಷದ ಹತ್ತಿರ.

ಊರು ಬಿಡಲಿಲ್ಲ ಅವನು. ಇನ್ನೇನೂ ಮಾಡಿಕೊಳ್ಳಲಿಲ್ಲ. ವಕೀಲರೊಬ್ಬರ ಹತ್ರ ಹೋದ. ಅವರು ಹೇಳಿದರು, "ಪಾಪರ್ ಅರ್ಜಿ ಹಾಕಪ್ಪ. ಇರೋದೆಲ್ಲ ಕೋರ್ಟಿನ ಮುಂದೆ ಇಡು. ಕೋರ್ಟು ಹಂಚುತ್ತೆ." 2023ರ ಶುರುವಿನಲ್ಲಿ ಹಾಕಿದ. ಸಾಲದ ಪಟ್ಟಿ, ಆಸ್ತಿ ಪಟ್ಟಿ, ಎಲ್ಲ ಕೊಟ್ಟ. ಆಸ್ತಿ ಅಂದರೆ ವೈಂಡಿಂಗ್ ಮೆಷೀನು, ಒಂದು ಹಳೇ ಬೈಕು, ತಂದೆ ಕಾಲದ ಮನೇಲಿ ಒಂದು ಪಾಲು. ಅರ್ಜಿಗೆ ನಂಬರ್ ಬಿತ್ತು. ಆ ಕಾಗದಕ್ಕೆ ಪ್ಲಾಸ್ಟಿಕ್ ಕವರ್ ಹಾಕಿಸಿ ಅಂಗಡಿ ಡ್ರಾಯರಿನಲ್ಲಿ ಇಟ್ಟ. ಇನ್ನು ಯಾರೂ ಬರಲ್ಲ ಅಂತ ಅವನ ನಂಬಿಕೆ. ನನ್ನದೂ.

ಮಾರನೇ ವಾರ ಬೆಳಿಗ್ಗೆ ಏಳೂವರೆಗೆ ಬಂದರು.

ನಾನು ಊರಲ್ಲೇ ಇದ್ದೆ, ಹೋಗಿ ಮಾತಾಡಿದೆ. ಬಂದಿದ್ದವನು ಇಪ್ಪತ್ತನಾಲ್ಕು ಇಪ್ಪತ್ತೈದರ ಹುಡುಗ, ಮಾತು ನಮ್ಮ ಕಡೆಯದೇ. ಕಾಗದ ತೋರಿಸಿದೆ. ಓದಲೂ ಇಲ್ಲ. "ಅಣ್ಣ, ಇದನ್ನೆಲ್ಲ ನಂಗ್ಯಾಕೆ ತೋರುಸ್ತೀರ? ನನ್ ಟ್ಯಾಬ್‌ನಲ್ಲಿ ಎರಡೇ ಬಟನ್ ಇರೋದು. ಕಟ್ಟಿದ್ದಾರೆ, ಕಟ್ಟಿಲ್ಲ. ಕೋರ್ಟ್‌ಗೆ ಹೋಗಿದ್ದಾರೆ ಅನ್ನೋ ಬಟನ್ನೇ ಇಲ್ಲ. ನಾನೇನ್ ಒತ್ಲಿ ಹೇಳಿ?"

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ನಿಜ ಹೇಳಿದ. ಆಮೇಲೆ ಬಂದವರೆಲ್ಲ ಅವನ ಹಾಗೆ ಇರಲಿಲ್ಲ. ಒಬ್ಬ ಅಂಗಡಿ ಮುಂದೆ ನಿಂತು ಫೋಟೋ ತೆಗೆದ. ಒಬ್ಬ ಜಗಲಿ ಮೇಲೆ ಕೂತು ದುಡ್ಡು ಸಿಗೋವರೆಗೂ ಏಳಲ್ಲ ಅಂದ. ಒಬ್ಬ ಫೋನಿನಲ್ಲಿ ಚಿಕ್ಕಪ್ಪನ ಬೀಗರ ಮನೆಗೇ ಸುದ್ದಿ ಮುಟ್ಟಿಸಿದ. "ಪಾಪರ್ ಆಗೋಕೆ ನಾಚಿಕೆ ಆಗಲ್ವಾ" ಅಂತ ಕೇಳಿದವನೂ ಇದ್ದ. ಕೋರ್ಟಿಗೆ ಹೋದದ್ದೇ ಒಂದು ಅಪರಾಧ ಅನ್ನೋ ಥರ. ಅರ್ಜಿ ಹಾಕೋ ಮೊದಲು ವಾರಕ್ಕೊಮ್ಮೆ ಬರ್ತಿದ್ದವರು ಹಾಕಿದ ಮೇಲೆ ವಾರಕ್ಕೆ ಮೂರು ಸಲ ಬಂದರು. ಕೋರ್ಟಿನ ಆದೇಶ ಬರೋದರೊಳಗೆ ಎಷ್ಟು ಸಿಗುತ್ತೋ ಅಷ್ಟು ಕಿತ್ಕೊಳ್ಳೋಣ ಅಂತ.

ಇದು ಒಬ್ಬಿಬ್ಬರು ಕೆಟ್ಟ ಹುಡುಗರ ಕೆಲಸ ಅಂದುಕೊಂಡಿದ್ದೆ. ಕಾನೂನು ಓದ್ತಾ ಹೋದ ಹಾಗೆ ಆ ಕಾನೂನಿನಲ್ಲೇ ಒಂದು ದೊಡ್ಡ ತೂತು ಇದೆ ಅಂತ ಗೊತ್ತಾಯ್ತು.

ನಮ್ಮಂಥವರು ಪಾಪರ್ ಆಗೋದು 1920ರ ಪ್ರಾಂತೀಯ ದಿವಾಳಿ ಕಾಯ್ದೆಯಡಿ. ಹೌದು, 1920. ಗಾಂಧಿ ಅಸಹಕಾರ ಚಳವಳಿ ಶುರು ಮಾಡಿದ ವರ್ಷದ ಕಾನೂನು. ಸಾಲಗಾರ ತಾನೇ ಅರ್ಜಿ ಹಾಕಬೇಕಾದರೆ ಸಾಲ ಕನಿಷ್ಠ ಐನೂರು ರೂಪಾಯಿ ಇರಬೇಕು ಅಂತ ಮೂಲ ಕಾಯ್ದೆ ಹೇಳುತ್ತೆ. ಆ ಐನೂರು ಯಾವ ಕಾಲದ ಐನೂರು ಅಂತ ನೀವೇ ಲೆಕ್ಕ ಹಾಕಿ. ಈ ಕಾಯ್ದೆಯಲ್ಲಿ ಸಾಲಗಾರನಿಗೆ ರಕ್ಷಣೆ ಇಲ್ಲ ಅಂತಿಲ್ಲ, ಇದೆ. 28ನೇ ಸೆಕ್ಷನ್ ಪ್ರಕಾರ ಅವನ ಆಸ್ತಿ ಕೋರ್ಟಿನ ವಶಕ್ಕೆ ಹೋಗುತ್ತೆ, ಕೋರ್ಟಿನ ಅಪ್ಪಣೆ ಇಲ್ಲದೆ ಸಾಲ ಕೊಟ್ಟವರು ದಾವೆ ಹೂಡೋ ಹಾಗಿಲ್ಲ. ಆದರೆ ಅದು ಶುರುವಾಗೋದು ಕೋರ್ಟು ಅವನನ್ನ ದಿವಾಳಿ ಅಂತ ಘೋಷಿಸಿದ ಮೇಲೆ. ಅರ್ಜಿ ಹಾಕಿದ ದಿನಕ್ಕೂ ಘೋಷಣೆ ಆಗೋ ದಿನಕ್ಕೂ ನಡುವೆ ನೋಟೀಸು ಹೋಗಬೇಕು, ಪ್ರತಿಯೊಬ್ಬ ಸಾಲಿಗನಿಗೂ ಮುಟ್ಟಬೇಕು, ಮುಟ್ಟದಿದ್ದರೆ ಇನ್ನೊಂದು ವಾಯಿದೆ. ವಾಯಿದೆ ಮೇಲೆ ವಾಯಿದೆ. ಆ ನಡುವಿನ ಕಾಲದಲ್ಲಿ ಮನೆ ಬಾಗಿಲಿಗೆ ಬರೋರಿಗೆ ತಾನಾಗೇ ತಡೆ ಇಲ್ಲ.

ಈಗ ದೊಡ್ಡವರ ಕಡೆ ನೋಡೋಣ.

2016ರಲ್ಲಿ ದೇಶಕ್ಕೆ ಹೊಸ ದಿವಾಳಿ ಸಂಹಿತೆ ಬಂತು. ಕಂಪನಿ ದಿವಾಳಿ ಅರ್ಜಿ ಟ್ರಿಬ್ಯೂನಲ್‌ನಲ್ಲಿ ಸ್ವೀಕಾರ ಆದ ದಿನದಿಂದ ಅದರ ಮೇಲೆ ಯಾರೂ ವಸೂಲಿಗೆ ಕೈ ಹಾಕೋ ಹಾಗಿಲ್ಲ. ಬ್ಯಾಂಕುಗಳು ಕೂತು ಮಾತಾಡ್ತವೆ, ಕೊನೆಗೆ ಸಿಕ್ಕಿದಷ್ಟು ತಗೋತವೆ. ಹೀಗೆ ಇತ್ಯರ್ಥ ಆದ ಪ್ರಕರಣಗಳಲ್ಲಿ ಸಾಲ ಕೊಟ್ಟವರಿಗೆ ಸರಾಸರಿ ಸಿಕ್ಕಿರೋದು ಒಪ್ಪಿಕೊಂಡ ಬಾಕಿಯ ಮೂರನೇ ಒಂದು ಭಾಗದ ಆಸುಪಾಸು. ಉಳಿದ ಎರಡು ಭಾಗಕ್ಕೆ ಇಂಗ್ಲಿಷಿನಲ್ಲಿ "ಹೇರ್‌ಕಟ್" ಅಂತ ಮುದ್ದಾದ ಹೆಸರಿಟ್ಟಿದ್ದಾರೆ. ನಮ್ಮೂರಲ್ಲಿ ಅದಕ್ಕೆ ಮುಂಡಾಯಿಸೋದು ಅಂತೀವಿ :-)

2019ರ ಡಿಸೆಂಬರ್ 1ರಿಂದ ಆ ಸಂಹಿತೆಯ ವ್ಯಕ್ತಿಗಳ ಭಾಗವನ್ನೂ ಜಾರಿ ಮಾಡಿದರು. ಯಾವ ವ್ಯಕ್ತಿಗಳಿಗೆ? ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಅವರಿಗೆ ಸಿಕ್ಕ ಸೌಕರ್ಯ ನೋಡಿ: ಅರ್ಜಿ ಹಾಕಿದ ದಿನದಿಂದಲೇ ತಾತ್ಕಾಲಿಕ ತಡೆ. ಆದೇಶ ಬೇಡ, ನೋಟೀಸು ಮುಟ್ಟೋದು ಬೇಡ. ಅರ್ಜಿ ಹಾಕಿದರೆ ಸಾಕು, ಎಲ್ಲರೂ ಕೈ ಕಟ್ಟಿ ಹೊರಗೆ ನಿಲ್ಲಬೇಕು. ನಮ್ಮ ಹುಡುಗ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡು ನಂಬಿದ್ದು ಇದನ್ನೇ! ಜಾಮೀನುದಾರರು ಈ ತಡೆಯನ್ನ ಬ್ಯಾಂಕುಗಳಿಂದ ತಪ್ಪಿಸಿಕೊಳ್ಳೋಕೆ ಬಳಸ್ತಾ ಇದ್ದಾರೆ ಅಂತ ದೂರು ಬಂದು, 2025ರ ಆಗಸ್ಟಿನಲ್ಲಿ ಅವರಿಗೆ ಅದನ್ನ ತೆಗೆಯೋ ತಿದ್ದುಪಡಿ ಮಸೂದೆಯನ್ನ ಲೋಕಸಭೆಯಲ್ಲಿ ಮಂಡಿಸಿದರು. ಅಂದರೆ ದೊಡ್ಡವರು ಬೇಕಾದಷ್ಟು ಕೊಡೆ ಹಿಡಿದು ಹರಿದದ್ದೂ ಆಯ್ತು. ನಮ್ಮವನಿಗೆ ಇನ್ನೂ ಕೊಡೆಯ ಕಡ್ಡಿ ಸಿಕ್ಕಿಲ್ಲ.

ಅದೇ ಸಂಹಿತೆಯಲ್ಲಿ ಬಡವರಿಗೆ ಅಂತಲೇ "ಫ್ರೆಶ್ ಸ್ಟಾರ್ಟ್" ಅನ್ನೋ ಭಾಗ ಇದೆ. ಹೊಸ ಬಾಳು ಅನ್ನೋಣ. ಅಲ್ಲೂ ಅರ್ಜಿ ಹಾಕಿದ ದಿನದಿಂದಲೇ ತಡೆ, ಕೊನೆಗೆ ಸಾಲ ವಜಾ. ಎಷ್ಟು ಒಳ್ಳೇದು ಅಂತೀರಾ? ಷರತ್ತು ಕೇಳಿ. ವರ್ಷದ ಆದಾಯ 60 ಸಾವಿರ ಮೀರಬಾರದು, ಅಂದರೆ ತಿಂಗಳಿಗೆ 5 ಸಾವಿರ. ಇರೋ ಸ್ವತ್ತೆಲ್ಲ ಸೇರಿ 20 ಸಾವಿರ ಮೀರಬಾರದು. ಸಾಲ 35 ಸಾವಿರ ಮೀರಬಾರದು. ಸ್ವಂತ ಮನೆ ಇರಲೇಬಾರದು, ಅಡ ಇಟ್ಟಿದ್ದರೂ ಸರಿ, ಇರಬಾರದು. ಆಶ್ರಯ ಯೋಜನೆಯಲ್ಲಿ ಒಂದು ಮನೆ ಸಿಕ್ಕಿದ್ದರೆ ಅಲ್ಲಿಗೆ ನೀವು ಸಾಹುಕಾರರು, ಹೊರಗೆ ಹೋಗಿ. ಅಷ್ಟಕ್ಕೂ ಆ ಭಾಗ ಇನ್ನೂ ಪುಸ್ತಕದಲ್ಲೇ ಇದೆ, ಜಾರಿಗೇ ಬಂದಿಲ್ಲ. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರವೇ ಸ್ಪಷ್ಟನೆ ಕೊಟ್ಟಿತ್ತು, ವ್ಯಕ್ತಿಗಳು ಹಳೇ ಕಾಯ್ದೆಯಡಿಯೇ ಹಳೇ ಕೋರ್ಟಿಗೇ ಹೋಗಬೇಕು ಅಂತ.

ಅಮೆರಿಕದಲ್ಲಿರೋ ಕನ್ನಡ ಬ್ಲಾಗಿಗರಿಗೆ ಇದು ವಿಚಿತ್ರ ಅನ್ನಿಸಬಹುದು. ಅಲ್ಲಿ ದಿವಾಳಿ ಅರ್ಜಿ ಹಾಕಿದ ಕ್ಷಣಕ್ಕೆ ತಾನಾಗೇ ತಡೆ ಬೀಳುತ್ತೆ, ಆಮೇಲೆ ವಸೂಲಿಗೆ ಫೋನ್ ಮಾಡಿದರೂ ತಪ್ಪು. ಇಂಗ್ಲೆಂಡಿನಲ್ಲಿ ಸಣ್ಣ ಸಾಲಗಾರರಿಗೆ 2009ರಿಂದ ಬೇರೆಯೇ ಆದೇಶ ಇದೆ. ಕೋರ್ಟಿನ ಮೆಟ್ಟಿಲು ಹತ್ತಬೇಕಾಗಿಲ್ಲ, ಸಲಹಾ ಕೇಂದ್ರದವರ ಮೂಲಕ ಅರ್ಜಿ. ಹನ್ನೆರಡು ತಿಂಗಳು ಯಾರೂ ಕೇಳೋ ಹಾಗಿಲ್ಲ, ಪರಿಸ್ಥಿತಿ ಸುಧಾರಿಸದಿದ್ದರೆ ಸಾಲ ವಜಾ. 90 ಪೌಂಡ್ ಶುಲ್ಕ ಇತ್ತು, 2024ರ ಏಪ್ರಿಲ್‌ನಲ್ಲಿ ಅದನ್ನೂ ತೆಗೆದರು.

ಇಂಗ್ಲೆಂಡ್ ಅಂದ ಕೂಡಲೇ ನಮ್ಮ ರಾಜ್ಯದಿಂದ ಎರಡು ಸಲ ರಾಜ್ಯಸಭೆಗೆ ಹೋದ ವಿಜಯ್ ಮಲ್ಯ ನೆನಪಾಗ್ತಾರೆ. 2016ರ ಮಾರ್ಚಿನಲ್ಲಿ ದೇಶ ಬಿಟ್ಟರು. 2021ರ ಜುಲೈ 26ಕ್ಕೆ ಲಂಡನ್ನಿನ ಹೈಕೋರ್ಟು ಅವರನ್ನ ದಿವಾಳಿ ಅಂತ ಘೋಷಿಸಿತು, ಅದೂ ನಮ್ಮ ಬ್ಯಾಂಕುಗಳೇ ಕೇಳಿದ್ದಕ್ಕೆ. ಅವರ ಹಿಂದೆ ಬಿದ್ದದ್ದು ವಕೀಲರು, ಕೋರ್ಟು, ತನಿಖಾ ಸಂಸ್ಥೆ. ಸರಿ, ಹಾಗೇ ಇರಬೇಕು. ಅವರ ಮನೆ ಜಗಲಿ ಮೇಲೆ ಯಾರಾದರೂ ಹೋಗಿ ಕೂತರಾ? ಅವರ ಬೀಗರಿಗೆ ಫೋನ್ ಮಾಡಿ ಬೈದ ಸುದ್ದಿ ನೀವು ಎಲ್ಲಾದರೂ ಓದಿದ್ದೀರಾ? ಸಾವಿರಾರು ಕೋಟಿಗೆ ಕಾನೂನಿನ ಭಾಷೆ, ಐದು ಲಕ್ಷಕ್ಕೆ ಬೀದಿ ಭಾಷೆ. ನನ್ನ ಸಿಟ್ಟಿನ ಬೇರು ಇಲ್ಲಿದೆ.

ಇನ್ನು ನಮ್ಮ ರಾಜ್ಯದ 2025ರ ಕಾಯ್ದೆಯ ಕಥೆ. ನೋಂದಣಿ ಇಲ್ಲದ, ಪರವಾನಗಿ ಇಲ್ಲದ ಸಂಸ್ಥೆಗಳು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ತೀರಿದಂತೆ ಅಂತ ಅದು ಹೇಳುತ್ತೆ. ಮೀಟರ್ ಬಡ್ಡಿಯವನ ಕೈಗೆ ಸಿಕ್ಕಿಬಿದ್ದವರಿಗೆ ಇದರಿಂದ ಉಪಯೋಗ ಇದೆ, ಇಲ್ಲ ಅನ್ನಲ್ಲ. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಇರೋ ಬ್ಯಾಂಕುಗಳು, ಎನ್‌ಬಿಎಫ್‌ಸಿಗಳು ಅದರ ವ್ಯಾಪ್ತಿಯ ಹೊರಗೆ. ನಮ್ಮ ಹುಡುಗನಿಗೂ ಅವನ ಹೆಂಡತಿಗೂ ಸಾಲ ಕೊಟ್ಟ ಕಂಪನಿಗಳೆಲ್ಲ ನೋಂದಣಿ ಇರೋವೇ. ಹೊರಗಿಟ್ಟದ್ದಕ್ಕೆ ಕಾರಣಾನೂ ಇದೆ. 2022ರ ಮೇ ತಿಂಗಳಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು, ರಿಸರ್ವ್ ಬ್ಯಾಂಕಿನ ಹಿಡಿತದಲ್ಲಿರೋ ಎನ್‌ಬಿಎಫ್‌ಸಿಗಳಿಗೆ ರಾಜ್ಯಗಳ ಲೇವಾದೇವಿ ಕಾನೂನು ಅನ್ವಯಿಸಲ್ಲ ಅಂತ. ರಾಜ್ಯದ ಕೈ ಅಲ್ಲಿಗೆ ಮುಟ್ಟಲ್ಲ.

ನಮ್ಮ ಜಿಲ್ಲೆಯವರೇ ಆದ ದೇವರಾಜ ಅರಸು ಕಾಲದಲ್ಲಿ, 1976ರಲ್ಲಿ, ಋಣ ಪರಿಹಾರ ಕಾಯ್ದೆ ಬಂದಿತ್ತು. ಜೀತ ನಿಷೇಧದ ಕಾನೂನೂ ಆ ವರ್ಷದ್ದೇ. ಆಗ ಸಾಲ ಕೊಡೋನು ಊರ ಸಾಹುಕಾರ, ಅವನ ಕೈಗೆ ಬೀಗ ಹಾಕಿದರೆ ಸಾಕಿತ್ತು. 2018ರ ಋಣ ಪರಿಹಾರ ಕಾಯ್ದೆ, 2019ರ ಜುಲೈನಲ್ಲಿ ಜಾರಿಯಾದದ್ದು, ಅದೂ ಖಾಸಗಿ ಲೇವಾದೇವಿಯವರ ಮೇಲೆಯೇ. ಈಗ ಸಾಹುಕಾರ ಊರಲ್ಲಿಲ್ಲ. ಅವನಿಗೆ ಆಫೀಸಿದೆ, ಲೈಸೆನ್ಸಿದೆ, ಟ್ಯಾಬ್ ಇದೆ. ಕಾನೂನು ಮಾತ್ರ ಇನ್ನೂ ಹಳೇ ಸಾಹುಕಾರನನ್ನೇ ಹುಡುಕ್ತಾ ಇದೆ.

ಲೈಸೆನ್ಸ್ ಇರೋವರಿಗೆ ನಿಯಮ ಇಲ್ಲವೇ ಅಂದರೆ, ಇದೆ. 2022ರ ಮಾರ್ಚಿನಲ್ಲಿ ರಿಸರ್ವ್ ಬ್ಯಾಂಕು ಮೈಕ್ರೋ ಫೈನಾನ್ಸ್ ಸಾಲಕ್ಕೆ ಅಂತಲೇ ನಿಯಮ ಮಾಡಿತು. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಫೋನ್ ಮಾಡಬಾರದು. ಬೆದರಿಕೆ, ಬೈಗುಳ ಕೂಡದು. ನೆಂಟರು, ಗೆಳೆಯರು, ಜೊತೆ ಕೆಲಸ ಮಾಡೋರನ್ನ ಪೀಡಿಸಬಾರದು. ಹೆಸರು ಬಹಿರಂಗ ಮಾಡಬಾರದು. ವಸೂಲಿ ಇಬ್ಬರೂ ಒಪ್ಪಿದ ಜಾಗದಲ್ಲೇ, ಸಾಲಗಾರ ಅಲ್ಲಿಗೆ ಸತತ ಎರಡು ಸಲ ಬಾರದೇ ಇದ್ದರೆ ಮಾತ್ರ ಮನೆಗೆ ಬರಬಹುದು. ಕುಟುಂಬದ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚು ಸಾಲದ ಕಂತಿಗೆ ಹೋಗೋ ಹಾಗೆ ಸಾಲವನ್ನೇ ಕೊಡಬಾರದು. ಕೊನೇದನ್ನ ಇನ್ನೊಂದು ಸಲ ಓದಿ. "ತಗೊಳ್ಳೋವಾಗ ಗೊತ್ತಿರಲಿಲ್ವಾ" ಅಂತ ಕೇಳೋರು ಇದನ್ನ ಕೊಟ್ಟವರಿಗೂ ಕೇಳಬೇಕಲ್ವಾ?

ಸಾಲದ ಬಲ ನಮ್ಮೂರಲ್ಲಿ ಕಾನೂನಿನಿಂದ ಬರಲ್ಲ, ಮಾನದಿಂದ ಬರುತ್ತೆ. ಸಂಘದ ಸಾಲ ಹೇಗೆ ಅಂತ ನಿಮಗೆ ಗೊತ್ತು. ಐದಾರು ಹೆಣ್ಣುಮಕ್ಕಳ ಗುಂಪು, ಒಬ್ಬರಿಗೆ ಒಬ್ಬರು ಹೊಣೆ. ಒಬ್ಬಳು ಕಟ್ಟದಿದ್ದರೆ ಉಳಿದವರು ಹಾಕಬೇಕು. ಕಂಪನಿಯವನು ಬೈಯಬೇಕಾಗಿಯೇ ಇಲ್ಲ, ಅವನು ಸುಮ್ಮನೆ ಕೂತರೆ ಸಾಕು. ಕೂಲಿಗೆ ಹೋಗಬೇಕಾದ ನಾಲ್ಕು ಜನ ಹೆಂಗಸರು ಅವನ ಮುಂದೆ ಕಾದು ಕೂತು, ಕೊನೆಗೆ ಐದನೆಯವಳ ಮನೆಗೆ ತಾವೇ ಹೋಗಿ ಕೂಗಾಡ್ತಾರೆ. ಜೊತೇಲಿ ನೀರು ತಂದವರು, ಬಾಣಂತನಕ್ಕೆ ಆದವರು, ಈಗ ವಸೂಲಿಯವರು. ಸಂಬಳ ಇಲ್ಲದ ವಸೂಲಿಯವರು.

ಇಲ್ಲೂ ಪಾಪರ್ ಕಾನೂನು ಕೈ ಕೊಡುತ್ತೆ. ಗಂಡ ಅರ್ಜಿ ಹಾಕಿದರೆ ಹೆಂಡತಿ ಹೆಸರಿನ ಸಾಲಕ್ಕೆ ಅದು ಅನ್ವಯಿಸಲ್ಲ, ಅವಳದ್ದು ಬೇರೆ ಅರ್ಜಿ. ಅವಳೂ ಹಾಕಿ ಗೆದ್ದಳು ಅಂತಲೇ ಇಟ್ಟುಕೊಳ್ಳಿ. 44ನೇ ಸೆಕ್ಷನ್ ಹೇಳುತ್ತೆ, ದಿವಾಳಿಯಾದವನು ಋಣಮುಕ್ತನಾದರೂ ಅವನ ಜೊತೆ ಹೊಣೆ ಹೊತ್ತವರು, ಜಾಮೀನು ನಿಂತವರು ಮುಕ್ತರಾಗಲ್ಲ. ಅಂದರೆ ಅವಳ ಸಾಲ ಪಕ್ಕದ ಮನೆಯವರ ತಲೆಗೆ. ನಮ್ಮ ತಮ್ಮನ ಹೆಂಡತಿಗೆ ಇದನ್ನ ವಿವರಿಸಿದಾಗ ಆಕೆ ಹೇಳಿದ್ದು ಒಂದೇ ಮಾತು: "ಬ್ಯಾಡಿ ಭಾವ. ಕೋರ್ಟು ಬುಟ್ರೂ ಬೀದಿ ಬುಡಲ್ಲ." ಅರ್ಜಿ ಹಾಕಲಿಲ್ಲ. ಕಿವಿಯಲ್ಲಿದ್ದದ್ದನ್ನ ಮಾರಿ ಗುಂಪಿನ ಕಂತು ಕಟ್ಟಿದಳು. ಒಂದು ಸಾಲ ತೀರಿತು, ಇನ್ನೊಂದು ಇನ್ನೂ ಇದೆ. ಗಂಡನ ಅರ್ಜಿ ಕೋರ್ಟಿನಲ್ಲಿ, ಗಂಡ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿಯಲ್ಲಿ. ಅಂಗಡಿ ಮುಚ್ಚಿದೆ.

ಈಗ ನೀವು ಕೇಳಬಹುದಾದ ಪ್ರಶ್ನೆಗಳಿಗೆ ಬರ್ತೀನಿ.

"ಹಾಗಾದ್ರೆ ಎಲ್ಲರ ಸಾಲಾನೂ ಮನ್ನಾ ಮಾಡ್ಬೇಕಾ?" ಇಲ್ಲ. ಸಾಲ ಮನ್ನಾ ಬೇರೆ, ಪಾಪರ್ ಆಗೋದು ಬೇರೆ. ಮನ್ನಾದಲ್ಲಿ ಕಟ್ಟೋ ಶಕ್ತಿ ಇದ್ದವನೂ ಇಲ್ಲದವನೂ ಒಂದೇ ಸಾಲಿನಲ್ಲಿ ನಿಲ್ತಾರೆ, ಬಿಲ್ಲು ಸರ್ಕಾರದ್ದು. ಪಾಪರ್ ಅರ್ಜಿಯಲ್ಲಿ ಒಬ್ಬೊಬ್ಬನ ಲೆಕ್ಕ ಒಬ್ಬ ನ್ಯಾಯಾಧೀಶರ ಮುಂದೆ. ಆಸ್ತಿ ಬಚ್ಚಿಟ್ಟರೆ ಶಿಕ್ಷೆ ಇದೆ. ಇರೋದನ್ನೆಲ್ಲ ಒಪ್ಪಿಸಿ, ಬರಿಗೈ ತೋರಿಸಿ, ನಾಲ್ಕು ಜನರ ಮುಂದೆ ಸೋತೆ ಅಂತ ಒಪ್ಪಿಕೊಳ್ಳೋದು ಸುಲಭದ ಕೆಲಸ ಅನ್ನೋರು ಒಂದು ಸಲ ಮಾಡಿ ನೋಡಲಿ.

"ಹೀಗೆ ಮಾಡಿದ್ರೆ ನಾಳೆ ಬಡವರಿಗೆ ಯಾರೂ ಸಾಲ ಕೊಡಲ್ಲ." ಈ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ. 2010ರ ಅಕ್ಟೋಬರಿನಲ್ಲಿ ಆಂಧ್ರದಲ್ಲಿ ಸುಗ್ರೀವಾಜ್ಞೆ ಬಂದಾಗ ಅಲ್ಲಿ ಮೈಕ್ರೋ ಫೈನಾನ್ಸ್ ಹೆಚ್ಚುಕಡಿಮೆ ನಿಂತೇ ಹೋಯ್ತು. ಅಲ್ಲಿ ಆದದ್ದು ಇಡೀ ರಾಜ್ಯದ ವಸೂಲಿಗೇ ಒಮ್ಮೆಲೇ ಬಿದ್ದ ಹೊಡೆತ. ನಾನು ಕೇಳ್ತಿರೋದು ಅದಲ್ಲವೇ ಅಲ್ಲ. ನೂರರಲ್ಲಿ ನಿಜವಾಗಿ ಸೋತ ಮೂರೋ ನಾಲ್ಕೋ ಜನಕ್ಕೆ ಒಂದು ಬಾಗಿಲು. ಅಮೆರಿಕದಲ್ಲಿ ಆ ಬಾಗಿಲು ಇದೆ, ಅಲ್ಲಿ ಸಾಲ ಸಿಗಲ್ಲ ಅಂತ ಯಾರೂ ಹೇಳಿದ್ದು ನಾನು ಕೇಳಿಲ್ಲ. ಬಾಗಿಲು ಇಲ್ಲದೇ ಇರೋದರಿಂದಲೇ ಎಲ್ಲ ಒಟ್ಟಿಗೆ ಸಿಡಿಯೋದು. 2009ರಲ್ಲಿ ಕೋಲಾರದಲ್ಲಿ ಸಿಡಿದಿತ್ತು, 2025ರಲ್ಲಿ ನಮ್ಮ ಕಡೆ ಸಿಡಿಯಿತು.

"ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು." ಒಪ್ಪಿದೆ. ಹಾಸಿಗೆಯನ್ನೇ ಕಂತಿನಲ್ಲಿ ಕೊಡೋ ಕಾಲದಲ್ಲಿ ಈ ಗಾದೆಯನ್ನ ಮಲಗೋನಿಗೆ ಮಾತ್ರ ಹೇಳೋದು ಯಾವ ನ್ಯಾಯ?

ಹಾಗಾದರೆ ಏನು ಮಾಡಬೇಕು? ರಾಜ್ಯದ ಕೈ ರಿಸರ್ವ್ ಬ್ಯಾಂಕಿನ ಕಂಪನಿಗಳಿಗೆ ಮುಟ್ಟಲ್ಲ ಅಂದೆನಲ್ಲ, ಅದಕ್ಕೆ ಒಂದು ಬೇರೆ ದಾರಿ ಇದೆ. ದಿವಾಳಿ ಅನ್ನೋ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ, 9ನೇ ನಮೂದು. ಅಂದರೆ ರಾಜ್ಯವೂ ಇದರ ಮೇಲೆ ಕಾನೂನು ಮಾಡಬಹುದು, ಕೇಂದ್ರದ ಕಾಯ್ದೆಗೆ ವಿರುದ್ಧ ಬಂದರೆ ರಾಷ್ಟ್ರಪತಿಗಳ ಅಂಕಿತ ಪಡೆದು. ಕಂಪನಿಯನ್ನ ನಿಯಂತ್ರಿಸೋದು ಒಂದು, ಸೋತವನಿಗೆ ಸ್ಥಾನಮಾನ ಕೊಡೋದು ಇನ್ನೊಂದು. ಮೊದಲನೇದು ರಾಜ್ಯಕ್ಕೆ ಆಗಲ್ಲ ಅಂತ ಕೋರ್ಟು ಹೇಳಿದೆ. ಎರಡನೇದನ್ನ ಯಾರೂ ಪ್ರಯತ್ನಿಸಿಯೇ ಇಲ್ಲ. ಹತ್ತು ವರ್ಷ ಜೈಲು ಅಂತ ಹೆಡ್‌ಲೈನ್ ಬರೋ ಕಾನೂನಿಗೆ ಎರಡು ತಿಂಗಳು ಸಾಕಾಯ್ತು. ನೂರು ವರ್ಷದ ಹಳೇ ಕಾಯ್ದೆಗೆ ನಾಲ್ಕು ಸಾಲಿನ ತಿದ್ದುಪ‍ಡಿ ತರೋಕೆ ಯಾಕಾಗಲ್ಲ?

ಆ ನಾಲ್ಕು ಸಾಲು ಇವು. ಒಂದು, ಸಣ್ಣ ಸಾಲಗಾರ ಅರ್ಜಿ ಹಾಕಿದ ದಿನದಿಂದಲೇ ವಸೂಲಿಗೆ ತಡೆ, ಫೋನ್ ಸೇರಿ. ಎರಡು, ಗಂಡ ಹೆಂಡತಿ ಸೇರಿ ಒಂದೇ ಅರ್ಜಿ ಹಾಕೋ ಅವಕಾಶ, ಯಾಕಂದರೆ ಸಾಲ ಕೊಡೋವಾಗ ಕುಟುಂಬದ ಆದಾಯ ನೋಡಿ ಕೊಡ್ತಾರೆ. ಮೂರು, ಗುಂಪಿನ ಹೊಣೆ ಹೊತ್ತ ಹೆಣ್ಣುಮಕ್ಕಳ ತಲೆಗೆ ಸೋತವಳ ಸಾಲ ಹೋಗದ ಹಾಗೆ ರಕ್ಷಣೆ. ನಾಲ್ಕು, ತಾಲ್ಲೂಕು ಕೋರ್ಟಿನಲ್ಲೇ ವಿಚಾರಣೆ, ಮುಗಿಸೋಕೆ ಗಡುವು.

ಅಲ್ಲಿಯವರೆಗೆ? ನಿಮ್ಮ ಊರಲ್ಲಿ, ನೆಂಟರಲ್ಲಿ ಯಾರಾದರೂ ಸಿಕ್ಕಿಬಿದ್ದಿದ್ದರೆ ಈ ನಾಲ್ಕು ಮಾತು ಮುಟ್ಟಿಸಿ. "ಜೈಲಿಗೆ ಹಾಕಿಸ್ತೀವಿ" ಅಂತ ಹೆಂಗಸರನ್ನ ಹೆದರಿಸೋದು ಶುದ್ಧ ಸುಳ್ಳು. ಹಣದ ಡಿಕ್ರಿ ಜಾರಿಗೆ ಹೆಂಗಸನ್ನ ಬಂಧಿಸೋ ಹಾಗೇ ಇಲ್ಲ ಅಂತ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 56ನೇ ಸೆಕ್ಷನ್ ಹೇಳುತ್ತೆ. ಗಂಡಸಿನ ವಿಷಯದಲ್ಲೂ, ಕಟ್ಟೋ ಶಕ್ತಿ ಇಲ್ಲದ ಬಡವನನ್ನ ಬರೀ ಬಾಕಿಗೋಸ್ಕರ ಜೈಲಿಗೆ ಹಾಕೋದು ಸಲ್ಲದು ಅಂತ 1980ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ, ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದ ತೀರ್ಪು. ಅಡುಗೆ ಪಾತ್ರೆ, ಹಾಸಿಗೆ, ಉಡೋ ಬಟ್ಟೆ, ಕಸುಬಿನ ಸಾಮಾನು, ರೈತನ ನೇಗಿಲು ಎತ್ತು, ಇವನ್ನ ಕೋರ್ಟೇ ಜಪ್ತಿ ಮಾಡೋ ಹಾಗಿಲ್ಲ, ಬೈಕಿನಲ್ಲಿ ಬಂದವನು ಯಾವ ಲೆಕ್ಕ? ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು, 15100ಕ್ಕೆ ಫೋನ್ ಮಾಡಬಹುದು. ಬಂದವನ ಗುರುತಿನ ಚೀಟಿ ಕೇಳಿ. ಬಂದ ಹೊತ್ತು ಬರೆದಿಡಿ. ಮೊದಲು ಕಂಪನಿಗೆ ಬರಹದಲ್ಲಿ ದೂರು, ಮೂವತ್ತು ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ. ಹೊಡೆದರೆ ಬೆದರಿಸಿದರೆ ಪೊಲೀಸ್ ಸ್ಟೇಷನ್ನಿಗೆ, ಅದಕ್ಕೆ ಹೊಸ ಕಾಯ್ದೆ ಬೇಕಾಗಿಲ್ಲ.

ಇದೆಲ್ಲ ಗಾಯಕ್ಕೆ ಕಟ್ಟೋ ಪಟ್ಟಿ ಅಷ್ಟೇ, ಗೊತ್ತು ನನಗೆ. ಒಬ್ಬ ಕಸುಬುದಾರ ಸೋತರೆ ಅವನು ಮತ್ತೆ ಎದ್ದು ಕೆಲಸ ಮಾಡಬೇಕು, ಊರಿನ ಮೋಟಾರುಗಳು ಓಡಬೇಕು. ವೈಂಡಿಂಗ್ ಗೊತ್ತಿದ್ದ ಕೈಯನ್ನ ವಾಚ್‌ಮನ್ ಕೆಲಸಕ್ಕೆ ಕಳಿಸಿ ಫೈನಾನ್ಸ್ ಕಂಪನಿಗೆ ಬಂದದ್ದೇನು, ಊರಿಗೆ ಆದದ್ದೇನು? ಈಗ ಯಾರಿಗಾದರೂ ಪಂಪ್‌ಸೆಟ್ ಸುಟ್ಟರೆ ನಂಜನಗೂಡಿಗೇ ಹೊತ್ಕೊಂಡು ಹೋಗಬೇಕು.

ಈ ವಿಷಯದಲ್ಲಿ ಕನ್ನಡದಲ್ಲಿ ಬರೆಯೋರು ಕಡಿಮೆ. ನಿಮ್ಮಲ್ಲಿ ವಕೀಲರಿದ್ದೀರಿ, ಬ್ಯಾಂಕಿನವರಿದ್ದೀರಿ, ಪತ್ರಕರ್ತರಿದ್ದೀರಿ. ಸಮವರ್ತಿ ಪಟ್ಟಿಯ ದಾರಿ ಸರಿಯೋ ತಪ್ಪೋ ನಿಮ್ಮ ನಿಮ್ಮ ಬ್ಲಾಗಿನಲ್ಲಿ ಬರೀರಿ, ಬೈದು ಬರೆದರೂ ಸಂತೋಷ. ನಿಮ್ಮೂರಲ್ಲಿ ಯಾರಾದರೂ ಪಾಪರ್ ಅರ್ಜಿ ಹಾಕಿದ್ದರೆ ಆಮೇಲೆ ಏನಾಯ್ತು ಅಂತ ತಿಳಿಸಿ. ಒಂದು ಮಾತು ಮಾತ್ರ ಬೇಡ. ತಗೊಳ್ಳೋವಾಗ ಗೊತ್ತಿರಲಿಲ್ವಾ ಅಂತ ಮತ್ತೆ ಕೇಳಬೇಡಿ. ಕೇಳಲೇಬೇಕು ಅನ್ನಿಸಿದರೆ ಮೊದಲು ಕೊಟ್ಟವರನ್ನ ಕೇಳಿ, ಆಮೇಲೆ ಕಾನೂನು ಮಾಡಿದವರನ್ನ ಕೇಳಿ. ನಮ್ಮೂರಿನವರ ಸರದಿ ಕೊನೆಗೆ ಬರಲಿ. ಏನಂತೀರಿ?